ಹುಲಿಗೂ ಒಂದು ಮರೆ ಬೇಕು

ಭಾನುವಾರ ಮೈಸೂರಿನ ಝೂಗೆ ಹೋದವರು ಹುಲಿಯ ಆವರಣದ ಮುಂದೆ ಒಂದು ಮಾತನ್ನು ಕೇಳಿಯೇ ಕೇಳಿರುತ್ತಾರೆ: ‘ಅಷ್ಟು ದೂರದಿಂದ ಬಂದರೂ ಹುಲಿ ಕಾಣಲೇ ಇಲ್ಲ.’ ಹುಲಿ ಅಲ್ಲೇ ಎಲ್ಲೋ ಪೊದೆಯ ಹಿಂದೆ ಮಲಗಿರುತ್ತದೆ. ಮಗುವನ್ನು ಹೆಗಲಿಗೇರಿಸಿಕೊಂಡ ಅಪ್ಪ ಶಿಳ್ಳೆ ಹಾಕುತ್ತಾನೆ, ಕಾಲೇಜು ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಅದು ಕಿವಿ ಅಲ್ಲಾಡಿಸಿ ಮತ್ತೆ ನಿದ್ದೆಗೆ ಜಾರುತ್ತದೆ. ಟಿಕೆಟ್ ಕೊಂಡವರ ಬೇಸರ ನನಗೂ ಅರ್ಥವಾಗುತ್ತದೆ. ಆದರೂ ಝೂ ಎಂಬುದು ಎಷ್ಟು ಸುಧಾರಿಸಿದೆ ಎಂದು ಅಳೆಯಲು ಆ ಪೊದೆಗಿಂತ ಒಳ್ಳೆಯ ಗುರುತು ನನಗೆ ಕಂಡಿಲ್ಲ.

ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ಝೂ 1752ರದ್ದು. ಇಂದಿಗೂ ನಡೆಯುತ್ತಿರುವ ಝೂಗಳಲ್ಲಿ ಅದೇ ಜಗತ್ತಿನಲ್ಲಿ ಹಳೆಯದು. ಅದರ ಮೂಲ ನಕ್ಷೆಯನ್ನು ನೋಡಿದರೆ ಆ ಕಾಲದ ಮನಸ್ಸು ತಿಳಿಯುತ್ತದೆ. ನಟ್ಟನಡುವೆ ಒಂದು ವೃತ್ತ, ಅದರ ಸುತ್ತ 13 ಆವರಣಗಳು. ಎತ್ತರದ ಗೋಡೆಗಳು ಪ್ರಾಣಿಗಳನ್ನು ಒಂದರಿಂದೊಂದು ಬೇರ್ಪಡಿಸಿದರೂ ಎಲ್ಲ ಆವರಣಗಳ ಮುಖ ನಡುವಿನತ್ತಲೇ. ಅಲ್ಲಿನ ಮಂಟಪದಲ್ಲಿ ರಾಜದಂಪತಿ ಉಪಾಹಾರ ಸೇವಿಸುತ್ತಾ ಪ್ರಾಣಿಗಳನ್ನು ಕೂತಲ್ಲಿಂದಲೇ ನೋಡಬಹುದಿತ್ತು. ಕಟ್ಟಡ ಕಟ್ಟಿದ್ದೇ ನೋಡುವವರಿಗಾಗಿ. ಲಂಡನ್ ಝೂ 1828ರಲ್ಲಿ ವಿಜ್ಞಾನದ ಹೆಸರಿನಲ್ಲಿ ಶುರುವಾಯಿತು, 1847ರಲ್ಲಿ ಸಾರ್ವಜನಿಕರಿಗೂ ತೆರೆಯಿತು. ಆದರೂ ಕಬ್ಬಿಣದ ಸರಳು ಎಲ್ಲಿಗೂ ಹೋಗಲಿಲ್ಲ.

ಸರಳನ್ನು ತೆಗೆದವನು ಜರ್ಮನಿಯ ಕಾರ್ಲ್ ಹೇಗನ್‌ಬೆಕ್, ಕಾಡುಪ್ರಾಣಿಗಳ ವ್ಯಾಪಾರಿ. ಹುಲಿ, ಸಿಂಹಗಳು ಎಷ್ಟು ದೂರ, ಎಷ್ಟು ಎತ್ತರ ಜಿಗಿಯಬಲ್ಲವು ಎಂದು ಅವನು ಪರೀಕ್ಷಿಸಿ ನೋಡಿದ. ಅದಕ್ಕಿಂತ ಅಗಲದ ಕಂದಕ ತೋಡಿದರೆ ಸರಳು ಯಾಕೆ ಬೇಕು ಎಂಬುದು ಅವನ ಲೆಕ್ಕ. 1896ರಲ್ಲಿ ಪೇಟೆಂಟ್ ಪಡೆದು 1907ರಲ್ಲಿ ಹ್ಯಾಂಬರ್ಗ್ ಬಳಿ ತನ್ನದೇ ಝೂ ತೆರೆದ. ಕೃತಕ ಬಂಡೆಗಳ ಮೇಲೆ ಸಿಂಹ, ಅದರ ಮುಂದೆ ಹುಲ್ಲೆಸಳಿನಷ್ಟೂ ಅಡ್ಡಿಯಿಲ್ಲ. ಜನ ಬೆರಗಾದರು. ಇದೇ ಮನುಷ್ಯ ದೂರದೇಶದ ಜನರನ್ನು ಕರೆತಂದು ಪ್ರಾಣಿಗಳ ಜೊತೆಗೇ ಪ್ರದರ್ಶನಕ್ಕಿಟ್ಟು ದುಡ್ಡು ಮಾಡಿದ್ದನ್ನು ಮುಚ್ಚಿಟ್ಟು ಅವನನ್ನು ಹೊಗಳಲಾಗದು. ಕಂದಕ ಬಂದ ಮೇಲೂ ಪ್ರಾಣಿ ಇದ್ದದ್ದು ನೋಡುಗನ ಸಲುವಾಗಿಯೇ.

ಮೈಸೂರಿನ ಝೂ 1892ರಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು. ಮೊದಲಿಗೆ ಅದೂ ಅರಮನೆಯದ್ದೇ. ಇಂದು ಮರಗಳು, ಕಂದಕದ ಆವರಣಗಳು, ಪಕ್ಕದ ಕಾರಂಜಿಕೆರೆ ಎಲ್ಲ ಸೇರಿ ಅಲ್ಲಿ ಒಂದಿಷ್ಟು ಉಸಿರಾಡಲು ಜಾಗವಿದೆ. ಆದರೆ ಜಾಗವೊಂದೇ ಸಾಲದು. 1995ರಲ್ಲಿ ಡಬ್ಲಿನ್‌ನಿಂದ ಬಂದ ಗೊರಿಲ್ಲಾ ಪೋಲೊ ತನ್ನ ಕೊನೆಯ ವರ್ಷಗಳಲ್ಲಿ ಇಡೀ ದೇಶಕ್ಕೆ ಒಂದೇ ಗೊರಿಲ್ಲಾ ಆಗಿದ್ದ. ಗೊರಿಲ್ಲಾಗಳದ್ದು ಕುಟುಂಬ ಕಟ್ಟಿಕೊಂಡು ಬಾಳುವ ಜಾತಿ. ಪೋಲೊನನ್ನು ನೋಡಲು ಸಾವಿರಾರು ಜನ ಬಂದರು, ಅವನ ಭಾಷೆ ಬಲ್ಲವರು ಒಬ್ಬರೂ ಇರಲಿಲ್ಲ. 2014ರಲ್ಲಿ ಅವನು ತೀರಿಕೊಂಡ. 2021ರಲ್ಲಿ ಜರ್ಮನಿಯಿಂದ ಗೊರಿಲ್ಲಾ ತರಿಸಿದಾಗ ಒಂದನ್ನೇ ತರಲಿಲ್ಲ, ತಾಬೊ ಮತ್ತು ದೆಂಬಾ ಎಂಬ ಅಣ್ಣ–ತಮ್ಮಂದಿರನ್ನು ಒಟ್ಟಿಗೆ ತಂದರು. ನನಗೆ ಸಮಾಧಾನ ತಂದ ಸುದ್ದಿಯದು.

ಕಾನೂನೂ ಬದಲಾಗಿದೆ. 1992ರಿಂದ ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇಲ್ಲದೆ ಝೂ ನಡೆಸುವಂತಿಲ್ಲ. ಝೂ ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನ್ನಲು ಕೊಡುವುದು, ಗದ್ದಲ ಮಾಡಿ ಕಾಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆ ಶಿಳ್ಳೆಯೂ ಅದರಲ್ಲಿ ಸೇರುತ್ತದೆ. ಶಿಳ್ಳೆಯಿಲ್ಲದೆಯೇ ಪ್ರಾಣಿಯನ್ನು ಚೆನ್ನಾಗಿ ನೋಡಬೇಕೆಂದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಎಲ್ಲವನ್ನೂ ಓಡೋಡಿ ನೋಡುವ ಬದಲು ಒಂದೇ ಆವರಣದ ಮುಂದೆ ಅರ್ಧ ಗಂಟೆ ನಿಲ್ಲಬೇಕು.

ಮೈಸೂರಿನ ಝೂಗೇ ಸೇರಿದ ಇನ್ನೊಂದು ಜಾಗ ಊರಾಚೆ ಕೂರ್ಗಳ್ಳಿಯಲ್ಲಿದೆ. ಕಾಡಂಚಿನ ಊರುಗಳಲ್ಲಿ ಸೆರೆಸಿಕ್ಕ, ಗಾಯಗೊಂಡ ಹುಲಿ, ಚಿರತೆಗಳನ್ನು ಅಲ್ಲಿ ಸಾಕುತ್ತಾರೆ. ಸಾರ್ವಜನಿಕರಿಗೆ ಪ್ರವೇಶವಿಲ್ಲ. ಅದು ಹಾಗೆಯೇ ಉಳಿಯಲಿ. ಬೋನಿಗೆ ಬಿದ್ದು, ಜನರ ಕೂಗಾಟದ ನಡುವೆ ಲಾರಿ ಏರಿ ಬಂದ ಹುಲಿಯನ್ನು ಮತ್ತೆ ಜನಜಂಗುಳಿಯ ಮುಂದೆ ನಿಲ್ಲಿಸುವುದು ಬೇಡ.