ಮಗು ಮಲಗುವ ಮನೆ: ಅಲ್ಪವ್ಯಯದ ಕೈಗೆಲಸದ ಅಲಂಕಾರಗಳು

ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಪ್ರತಿಯೊಂದು ಎಡೆಗೂ ಅದರದೇ ಆದ ಹೆಸರುಂಟು. ಪಡಸಾಲೆ, ನಡುಮನೆ, ದೇವರಮನೆ, ಅಡುಗೆಮನೆ, ಬಚ್ಚಲುಮನೆ, ಬಾಣಂತಿಕೋಣೆ ಎಂದು ಒಂದೊಂದನ್ನೂ ಹೆಸರಿಸಿದ ಹಿರಿಯರು ಮಗುವು ಮಲಗುವ ಕೋಣೆಗೆಂದು ಬಳಕೆಯ ಮಾತೊಂದನ್ನು ಬಿಟ್ಟುಹೋದಂತೆ ಕಾಣುವುದಿಲ್ಲ. ಕಾರಣವು ಸ್ಪಷ್ಟವಾಗಿಯೇ ಇದೆ. ಮಗುವಿಗೆ ಬೇರೆ ಕೋಣೆಯೇ ಇರಲಿಲ್ಲ. ತಾಯಿಯ ಮಗ್ಗುಲೋ ಅಜ್ಜಿಯ ಮಡಿಲೋ ಅದರ ಶಯನಸ್ಥಾನ; ಅದರದ್ದೇ ಎನ್ನಬಹುದಾದ ಎಡೆಯು ತೊಟ್ಟಿಲೊಂದೇ. ಆದಕಾರಣ ಮನೆಯವರ ಕೈಚಳಕವೆಲ್ಲ ತೊಟ್ಟಿಲಿಗೇ ಸಲ್ಲುತ್ತಿತ್ತು. ಮೇಲೆ ತೂಗುವ ಬಟ್ಟೆಯ ಗಿಳಿಗಳು, ಕೆಳಗೆ ಹಳೆಯ ಸೀರೆಯ ಕೌದಿ, ಬದಿಗಳಿಗೆ ಬಣ್ಣದ ಕುಚ್ಚು: ಇವಿಷ್ಟರಲ್ಲಿ ಶಿಶುವಿನ ಲೋಕವು ಸಿಂಗರಗೊಳ್ಳುತ್ತಿತ್ತು.

ಈಗ ಪಟ್ಟಣಗಳ ಮನೆಗಳಲ್ಲಿ ಮಗುವಿಗೊಂದು ಕೋಣೆ, ಇಲ್ಲವೆ ಕೋಣೆಯ ಒಂದು ಮೂಲೆ ದೊರೆಯುತ್ತಿದೆ. ಇದು ಸಂತೋಷದ ಸಂಗತಿಯೇ. ಆದರೆ ಆ ಕೋಣೆಯೊಡನೆ ಅಂಗಡಿಯೂ ಮನೆಯೊಳಕ್ಕೆ ಬಂದಿದೆ. ಗೋಡೆಗೆ ಅಂಟಿಸುವ ಚಿತ್ರಗಳು, ಪ್ಲಾಸ್ಟಿಕ್ಕಿನ ಹೂಗಳು, ಮಿಣುಕುವ ದೀಪದ ಸರಗಳು ಇವನ್ನೆಲ್ಲ ಕೊಂಡು ತರುವ ಶಕ್ತಿಯಿಲ್ಲದ ತಂದೆತಾಯಿಗಳು ತಮ್ಮ ಮಗುವಿಗೆ ಏನನ್ನೋ ಕೊರತೆ ಮಾಡಿದೆವೆಂದು ಕೊರಗುವುದನ್ನು ಕಾಣುತ್ತೇವೆ. ಈ ಕೊರಗಿಗೆ ಆಧಾರವಿಲ್ಲ. 'ಅಲಂಕಾರ'ವೆಂಬ ಶಬ್ದದಲ್ಲಿರುವ 'ಅಲಮ್' ಎಂಬ ಅವ್ಯಯಕ್ಕೆ 'ಸಾಕು' ಎಂಬ ಅರ್ಥವೂ ಉಂಟೆಂಬುದು ಸಂಸ್ಕೃತವನ್ನು ಬಲ್ಲವರಿಗೆ ತಿಳಿದದ್ದೇ. ಸಾಕೆನಿಸುವಂತೆ ಮಾಡುವುದು ಅಲಂಕಾರ. ಬೇಕು ಬೇಕೆನಿಸುವಂತೆ ಮಾಡುವುದಕ್ಕೆ ಬೇರೆ ಹೆಸರನ್ನೇ ಹುಡುಕಬೇಕು. ಯಾರಿಗೆ ಸಾಕೆನಿಸಬೇಕು ಎಂಬುದು ಮುಂದಿನ ಪ್ರಶ್ನೆ. ಬಂದು ನೋಡುವ ನೆಂಟರಿಗಲ್ಲ, ಮಲಗಿ ನೋಡುವ ಮಗುವಿಗೆ.

ಮಲಗಿದ ಮಗುವಿಗೆ ಏನು ಕಾಣುತ್ತದೆಂಬುದನ್ನು ಮೊದಲು ವಿಚಾರಿಸತಕ್ಕದ್ದು. ಹುಟ್ಟಿದ ಶಿಶುವಿಗೆ ೨೦ರಿಂದ ೩೦ ಸೆಂಟಿಮೀಟರ್ ದೂರದ ವಸ್ತುವು ಮಾತ್ರ ಒಂದಿಷ್ಟು ಸ್ಪಷ್ಟವಾಗಿ ತೋರುತ್ತದೆ. ತಾಯಿಯು ಹಾಲೂಡಿಸುವಾಗ ಅವಳ ಮುಖಕ್ಕೂ ಮಗುವಿನ ಕಣ್ಣಿಗೂ ಇರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ತಿಳಿಗೆಂಪು, ತಿಳಿನೀಲಿ ಮೊದಲಾದ ಮೆಲುಬಣ್ಣಗಳು ಹಿರಿಯರ ಕಣ್ಣಿಗೆ ಎಷ್ಟೇ ಹಿತವಾಗಿದ್ದರೂ ಆ ಶಿಶುವಿಗೆ ಅವು ಇದ್ದೂ ಇಲ್ಲದಂತೆ. ಕಪ್ಪು ಬಿಳುಪುಗಳ ಗಾಢವಾದ ಭೇದವನ್ನು ಅದು ಮೊದಲು ಗುರುತಿಸುತ್ತದೆ. ಬಣ್ಣಗಳ ವಿವೇಚನೆಯು ಮೂರು ನಾಲ್ಕು ತಿಂಗಳಾಗುತ್ತ ಬಲಿಯುತ್ತದೆ. ಆದ್ದರಿಂದ ಮೊದಲ ಎರಡು ತಿಂಗಳಿಗೆ ಬಿಳಿಯ ಧೋತರದ ತುಂಡಿನ ಮೇಲೆ ಕೊಡೆಬಟ್ಟೆಯ ಕಪ್ಪು ಪಟ್ಟಿಗಳನ್ನು ಹೊಲಿದು ತೊಟ್ಟಿಲಿನ ಒಂದು ಬದಿಗೆ ಬಿಗಿಯಾಗಿ ಕಟ್ಟಿದರೆ ಸಾಕು. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಆಮೇಲಿನದು ಗಿಳಿಗಳ ಸರದಿ. ಅಂಗಡಿಯಲ್ಲಿ ದೊರೆಯುವ ತೂಗುಗೊಂಬೆಗಳಲ್ಲಿ ಒಂದು ವಿಚಿತ್ರವಾದ ದೋಷವುಂಟು. ಪಕ್ಕದಲ್ಲಿ ನಿಂತವನಿಗೆ ಆನೆ, ಕುದುರೆ, ನವಿಲು ಎಲ್ಲವೂ ಚೆನ್ನಾಗಿ ಕಾಣುತ್ತವೆ. ಕೆಳಗೆ ಮಲಗಿದ ಮಗುವಿಗೋ ಆನೆಯ ಅಂಗಾಲಷ್ಟೇ ದೃಶ್ಯ! ಮನೆಯಲ್ಲಿ ಮಾಡುವವರು ಈ ತಪ್ಪನ್ನು ಸುಲಭವಾಗಿ ನಿವಾರಿಸಬಹುದು. ಹಸಿರು ಬಟ್ಟೆಯನ್ನು ಒಳಮೈ ಹೊರಗಾಗುವಂತೆ ಎರಡು ಪದರವಾಗಿ ಮಡಿಸಿ, ಅಂಗೈಯಗಲದ ಗಿಳಿಯ ಆಕಾರವನ್ನು ಬರೆದು, ಅಂಚಿಗೆ ಒಂದಿಷ್ಟು ಬಟ್ಟೆ ಉಳಿಯುವಂತೆ ಕತ್ತರಿಸಬೇಕು. ಎರಡು ಬೆರಳು ಹೋಗುವಷ್ಟು ಎಡೆಯನ್ನು ಬಿಟ್ಟು ಸುತ್ತಲೂ ಹೊಲಿದು, ಒಳಗಿನದನ್ನು ಹೊರಕ್ಕೆ ತಿರುವಿ, ಬಟ್ಟೆಯ ಚೂರುಗಳನ್ನೋ ಹತ್ತಿಯನ್ನೋ ತುಂಬಿ ಬಾಯಿ ಮುಚ್ಚಬೇಕು. ಕೊಕ್ಕಿಗೆ ಕೆಂಪು ಬಟ್ಟೆ. ಕಣ್ಣಿಗೆ ಕಪ್ಪು ದಾರದ ನಾಲ್ಕು ಹೊಲಿಗೆ. ಗುಂಡಿ, ಮಣಿ ಯಾವುದೂ ಕೂಡದು. ಇಂತಹ ನಾಲ್ಕು ಗಿಳಿಗಳನ್ನು ಮಾಡಿ, ಕತ್ತರಿಯಾಕಾರದಲ್ಲಿ ಬಿಗಿದ ಎರಡು ಬಿದಿರುಕಡ್ಡಿಗಳ ತುದಿಗಳಿಗೆ ಕಟ್ಟಬೇಕು. ಆದರೆ ಗಿಳಿಯನ್ನು ನೆತ್ತಿಗೆ ದಾರ ಹಾಕಿ ನಿಲ್ಲಿಸಬಾರದು. ಅದರ ಒಂದು ಮಗ್ಗುಲಿನಲ್ಲಿ ಕತ್ತಿನ ಬಳಿ ಒಂದು, ಬಾಲದ ಬಳಿ ಒಂದು ದಾರ ಹಾಕಿದರೆ ಇನ್ನೊಂದು ಮಗ್ಗುಲು ಪೂರ್ತಿಯಾಗಿ ಕೆಳಮುಖವಾಗುತ್ತದೆ. ಆಗ ಮಗುವಿಗೆ ಇಡೀ ಗಿಳಿಯ ದರ್ಶನ.

ಕಡ್ಡಿಯು ಒಂದೆಡೆಗೆ ವಾಲಿದರೆ ಭಾರವಾದ ಗಿಳಿಯ ಗಂಟನ್ನು ನಡುವಿನತ್ತ ತುಸು ಸರಿಸಬೇಕು. ತಕ್ಕಡಿಯ ತತ್ತ್ವವನ್ನು ಕಪ್ಪುಹಲಗೆಯ ಮೇಲೆ ಕಲಿಸುವ ಉಪಾಧ್ಯಾಯರು ಇದನ್ನು ಒಮ್ಮೆ ತರಗತಿಯಲ್ಲಿ ಕಟ್ಟಿಸಿ ನೋಡುವುದು ಒಳಿತು. ತೂಗುವ ಸಾಧನವು ಮಗುವಿನ ಮುಖದ ನೇರಕ್ಕಿರದೆ ಎದೆಯ ಮೇಲ್ಭಾಗದಲ್ಲಿ, ತುಸು ಬದಿಗೆ ಇರಲಿ. ಮೂರನೆಯ ತಿಂಗಳಿಗೆ ಮಗುವು ಕೈಬೀಸಿ ಹೊಡೆಯತೊಡಗುತ್ತದೆ. ಆಗ ಅದನ್ನು ಕೈಗೆ ಎಟುಕದಷ್ಟು ಮೇಲಕ್ಕೆ ಏರಿಸಬೇಕು. ಐದನೆಯ ತಿಂಗಳಿಗೆ, ಅಥವಾ ಅದಕ್ಕೂ ಮೊದಲೇ ಮಗುವು ಅಂಗೈಯೂರಿ ಏಳಲು ಹವಣಿಸಿದರೆ ಅಂದೇ, ಬಿಚ್ಚಿ ತೆಗೆದಿಡಬೇಕು. ಕೈಗೆ ಸಿಕ್ಕ ದಾರವು ಕೊರಳಿಗೆ ಸುತ್ತಿಕೊಳ್ಳುವ ಅಪಾಯವು ಕಲ್ಪನೆಯದಲ್ಲ. ಮಗುವಿನ ಕೈಗೆ ಎಟುಕುವ ಯಾವ ದಾರವೂ, ಲಾಡಿಯೂ, ಕುಚ್ಚೂ ಒಂದು ಗೇಣನ್ನು ಮೀರಕೂಡದು.

ಕಣ್ಣಿನ ಮಾತು ಹೀಗಾಯಿತು. ಬಾಯಿಯ ಮಾತು ಇದಕ್ಕಿಂತ ಗುರುತರವಾದುದು. ಕೈಗೆ ಸಿಕ್ಕಿದ್ದೆಲ್ಲವನ್ನೂ ಬಾಯಿಗಿಟ್ಟು ಪರೀಕ್ಷಿಸುವುದು ಶಿಶುಸ್ವಭಾವ. ಹಳ್ಳಿಗಳಲ್ಲಿ ಗೊಂಬೆಯ ಕಣ್ಣಿಗೆ, ತೋರಣದ ತುದಿಗೆ ಗುಲಗಂಜಿಯನ್ನು ಕೂರಿಸುವ ವಾಡಿಕೆಯುಂಟು. ಕೆಂಪು ಮೈ, ಕಪ್ಪು ಮೊಗದ ಆ ಬೀಜವು ನೋಡಲು ಎಷ್ಟು ಮೋಹಕವೋ ಅಷ್ಟೇ ಘೋರವಾದ ವಿಷವನ್ನು ಒಳಗಿಟ್ಟುಕೊಂಡಿದೆ. ಇಡಿಯಾಗಿ ನುಂಗಿದರೆ ಗಟ್ಟಿಯಾದ ಸಿಪ್ಪೆಯ ದೆಸೆಯಿಂದ ಕೆಲವೊಮ್ಮೆ ಹಾಗೆಯೇ ಹೊರಬೀಳಬಹುದು. ಆದರೆ ಅಗಿದರೆ, ಅಥವಾ ಪೋಣಿಸುವುದಕ್ಕಾಗಿ ಸೂಜಿಯಿಂದ ಚುಚ್ಚಿದ ಬೀಜವು ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಮುಳುವಾಗಬಲ್ಲದು. ಹರಳುಬೀಜದ ವಿಷಯವೂ ಇಂತಹುದೇ. ಇವೆರಡನ್ನೂ ಮಗುವಿರುವ ಕೋಣೆಯ ಹೊಸ್ತಿಲೊಳಗೆ ತರತಕ್ಕದ್ದಲ್ಲ. ಥರ್ಮೋಕೋಲಿನ ಬಿಳಿಯ ಗುಂಡುಗಳು, ಮಿಣುಕುದೀಪಗಳೊಳಗಿನ ಗುಂಡಿಯಾಕಾರದ ಬ್ಯಾಟರಿಗಳು ಇವೂ ಅಷ್ಟೇ ಭಯಾನಕ. ಅಂತಹ ಬ್ಯಾಟರಿಯು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೇ ಅದನ್ನು ಸುಡಬಲ್ಲದು.

ಬಣ್ಣದ ವಿಚಾರದಲ್ಲಿಯೂ ಇದೇ ಎಚ್ಚರವು ಬೇಕು. ಎಣ್ಣೆಬಣ್ಣಗಳ ಹಳದಿ, ಕೆಂಪುಗಳಿಗೆ ಬಹುಕಾಲ ಸೀಸದ ಲವಣಗಳನ್ನು ಬಳಸುತ್ತಿದ್ದರು. ಬೆಳೆಯುವ ಮಿದುಳಿಗೆ ಸೀಸದಂತಹ ಶತ್ರು ಮತ್ತೊಂದಿಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ ೯೦ ಭಾಗಗಳನ್ನು ಮೀರಕೂಡದೆಂದು ಭಾರತ ಸರಕಾರವು ೨೦೧೬ರಲ್ಲಿ ನಿಯಮವನ್ನು ಮಾಡಿತು. ಅದು ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣ ಬಳಿದ ತೊಟ್ಟಿಲು ಅಟ್ಟದಿಂದ ಇಳಿದುಬಂದಾಗ ಮನೆಯಲ್ಲಿ ಸಂಭ್ರಮವೇನೋ ಸಹಜ. ಆದರೆ ಬಣ್ಣವು ಹೊಪ್ಪಳಿಕೆ ಎದ್ದಿದ್ದರೆ ಅದರಲ್ಲಿ ಮಗುವನ್ನು ಮಲಗಿಸಬಾರದು; ಉಪ್ಪುಕಾಗದದಿಂದ ಒಣಗಾಗಿ ಉಜ್ಜುವುದಂತೂ ಇನ್ನೂ ಕೇಡು, ಏಕೆಂದರೆ ಆ ಧೂಳು ಮನೆಯೆಲ್ಲ ಹರಡುತ್ತದೆ.

ಹಾಗಾದರೆ ಬಣ್ಣಕ್ಕೆ ಏನು ಮಾಡಬೇಕು? ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಈ ಪ್ರಶ್ನೆಗೆ ಬಹು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಅವರು ಗೋಡೆಯ ಮೇಲೆ ಬರೆಯುವ ಚಿತ್ತಾರಕ್ಕೆ ಬಿಳುಪು ನೆನೆಸಿ ಅರೆದ ಅಕ್ಕಿಯಿಂದ, ಕಪ್ಪು, ಕರಿಯಾಗುವಂತೆ ಹುರಿದ ಅಕ್ಕಿಯಿಂದ, ಕೆಂಪು ಕೆಮ್ಮಣ್ಣಿನಿಂದ, ಹಳದಿ ಗುರಿಗೆಯ ಬೀಜದಿಂದ. ಕುಂಚವೂ ಅಂಗಡಿಯದಲ್ಲ, ಪುಂಡಿಯ ನಾರಿನದು. ಕೆಮ್ಮಣ್ಣು ಬಳಿದ ನೆಲೆಯ ಮೇಲೆ ಕೂದಲೆಳೆಯಂತಹ ಬಿಳಿಯ ಗೆರೆಗಳಿಂದ ತೇರು, ದಂಡಿಗೆ, ಬತ್ತದ ತೆನೆ, ಹಕ್ಕಿಸಾಲುಗಳನ್ನು ಅವರು ಮೂಡಿಸುವ ಬಗೆಯು ಯಾವ ಚಿತ್ರಶಾಲೆಗೂ ಕಡಿಮೆಯಾದುದಲ್ಲ. ಮಗುವಿನ ಕೋಣೆಗೆ ಇಡೀ ಗೋಡೆಯೇ ಬೇಕೆಂದಿಲ್ಲ. ದಪ್ಪ ರಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ ಒಂದು ತೇರನ್ನು ಬರೆದರೂ ಆಯಿತು. ಕಪ್ಪು ಅಕ್ಕಿಯ ಬಣ್ಣವು ಬೆರಳಿಗೆ ಹತ್ತಿ ಬಾಯಿಗೆ ಹೋದರೂ ಭಯವಿಲ್ಲ, ಅದು ಅಕ್ಕಿಯಷ್ಟೆ.

ಅಂಟಿಗೆ ಮೈದಾಹಿಟ್ಟಿನ ಗಂಜಿ ಸಾಕು. ಹುಳು ಹತ್ತದಿರಲೆಂದು ಪುಸ್ತಕ ಕಟ್ಟುವವರು ಅದಕ್ಕೆ ಮೈಲುತುತ್ತವನ್ನು ಬೆರೆಸುವುದುಂಟು. ಅದು ವಿಷವಾದ್ದರಿಂದ ಇಲ್ಲಿ ಸಲ್ಲದು. ಇನ್ನೂ ಗಟ್ಟಿಯಾದುದು ಬೇಕಾದರೆ ಹುಣಸೆಯ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು ಕುದಿಸಿದ ಅಂಟು ಉಂಟು. ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆಗಾರರು ಇದನ್ನೇ ನೆಚ್ಚಿಕೊಂಡವರು.

ಇನ್ನು ಕೌದಿ. ಉತ್ತರ ಕರ್ನಾಟಕದಲ್ಲಿ ಕೌದಿಯಿಲ್ಲದ ಮನೆಯನ್ನು ಹಿಂದೆ ಕಾಣುವುದೇ ದುರ್ಲಭವಾಗಿತ್ತು. ಮೆತ್ತಗಾದ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಇಟ್ಟು, ಬೆರಳಗಲದ ಅಂತರದಲ್ಲಿ ಸಾಲು ಹೊಲಿಗೆಗಳನ್ನು ಹಾಕುವುದು ಇದರ ಕ್ರಮ. ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಜನಾಂಗದ ಹೆಂಗಸರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮಡಿಸಿದ ಚಿಕ್ಕ 'ಫೂಲ'ಗಳನ್ನಿಡದೆ ಅವರ ಕೌದಿಯು ಮುಗಿಯಿತೆನ್ನುವಂತಿಲ್ಲ. ಮಗುವಿನ ಕೋಣೆಗೆ ಒಂದು ಗಜ ಚೌಕದ ಗೋಡೆಕೌದಿಯನ್ನು ಹೊಲಿಯುವುದು ಯೋಗ್ಯ. ಅಜ್ಜಿಯ ಇಳಕಲ್ ಸೀರೆಯ ಟೋಪತೆನಿ ಸೆರಗಿನ ಒಂದು ತುಂಡು, ಅಜ್ಜನ ಪಟಕದ ಒಂದು ಅಂಚು, ತಂದೆಯ ಹಳೆಯ ಅಂಗಿಯಿಂದ ಕಿಸೆ ಸಹಿತವಾಗಿ ಕತ್ತರಿಸಿದ ಎದೆಭಾಗ, ಇವನ್ನು ಅದರಲ್ಲಿ ಸೇರಿಸಬೇಕು. ಕಿಸೆಯ ಬಾಯಿಯನ್ನು ಮಾತ್ರ ಹೊಲಿಯದೆ ಬಿಡಬೇಕು. ನಾಲ್ಕು ವರ್ಷದ ಮಗುವು ಹುಣಸೆಬೀಜ, ಹಕ್ಕಿಯ ಗರಿ, ಬಸ್ಸಿನ ಚೀಟಿ ಮುಂತಾದ ತನ್ನ ಐಶ್ವರ್ಯವನ್ನೆಲ್ಲ ಅದರಲ್ಲಿ ಇಟ್ಟುಕೊಳ್ಳುತ್ತದೆ. ಕಾಣದ ಅಜ್ಜನ ಕಥೆಯನ್ನು ಹೇಳುವುದಕ್ಕೂ ಆ ಪಟಕದ ಅಂಚು ನೆಪವಾಗುತ್ತದೆ. ಅಂಗಡಿಯ ಯಾವ ಚಿತ್ರಕ್ಕೂ ಇದು ಸಾಧ್ಯವಿಲ್ಲ. ಒಂದು ವರ್ಷ ತುಂಬುವವರೆಗೆ ಮಲಗಿದ ಶಿಶುವಿನ ಸುತ್ತ ಸಡಿಲವಾದ ಹೊದಿಕೆ, ದಿಂಬು, ಗೊಂಬೆಗಳು ಇರಬಾರದೆಂದು ಶಿಶುವೈದ್ಯರು ಹೇಳುತ್ತಾರೆ. ಆದಕಾರಣ ಆ ಅವಧಿಯಲ್ಲಿ ಈ ಕೌದಿಯು ಗೋಡೆಯ ಮೇಲೆಯೇ ಇರಲಿ, ಅದೂ ಹಾಸಿಗೆಯ ತಲೆದಸೆಯಲ್ಲಲ್ಲ, ಎದುರಿನ ಗೋಡೆಗೆ.

ಓದುವ ವಯಸ್ಸು ಹತ್ತಿರವಾದಂತೆ ಗೋಡೆಗೆ ಅಕ್ಷರಗಳು ಬರುತ್ತವೆ. ಇಂದು ಕನ್ನಡಿಗರ ಮಕ್ಕಳ ಕೋಣೆಗಳಲ್ಲಿ ಇಂಗ್ಲಿಷ್ ವರ್ಣಮಾಲೆಯ ಪಟವೇ ಮೊದಲು ಮೆರೆಯುವುದು. ಅದರಲ್ಲಿ ಮಗುವು ಎಂದೂ ಕಾಣದ ಹಣ್ಣು, ಪ್ರಾಣಿಗಳ ಚಿತ್ರ. ಅದು ಇರಬಾರದೆಂದಲ್ಲ, ಆದರೆ 'ಅ' ಕಾರಕ್ಕೆ ಅಲ್ಲಿ ಒಂದು ಮೊಳೆಯಷ್ಟು ಜಾಗವೂ ಸಿಗದಿರುವುದು ಶೋಚನೀಯ. ಕನ್ನಡದ ಅಕ್ಷರಗಳು ದುಂಡಗಿನವು. ಬೆರಳಿನಿಂದ ಸವರಿ ಕಲಿಯುವುದಕ್ಕೆ ಹೇಳಿ ಮಾಡಿಸಿದಂತಹವು. ಒರಟು ಗೋಣಿಬಟ್ಟೆಯಲ್ಲಿ ಅಂಗೈಯಷ್ಟು ದೊಡ್ಡ ಅಕ್ಷರಗಳನ್ನು ಕತ್ತರಿಸಿ ನುಣುಪಾದ ರಟ್ಟಿಗೆ ಅಂಟಿಸಿದರೆ, ಎಲ್ಲಿ ಸುತ್ತು, ಎಲ್ಲಿ ತಲೆಕಟ್ಟು ಎಂಬುದು ಕಣ್ಣು ಮುಚ್ಚಿದರೂ ಬೆರಳಿಗೆ ತಿಳಿಯುತ್ತದೆ. ಆರಂಭದ ಸ್ಥಳಕ್ಕೆ ಕೆಂಪು ದಾರದ ಒಂದು ಗುರುತು ಹಾಕಿದರೆ ಬರೆಯುವ ದಿಕ್ಕೂ ತಪ್ಪದು. ಐವತ್ತು ಅಕ್ಷರಗಳನ್ನೂ ಒಮ್ಮೆಲೆ ತೂಗುಹಾಕಬೇಕಾಗಿಲ್ಲ. ಮಗುವಿನ ಹೆಸರಿನ ಅಕ್ಷರಗಳು ಮೊದಲು, ಅನಂತರ ಅವ್ವ, ಅಪ್ಪ. ಒತ್ತಕ್ಷರವು ಕೆಳಗೆ ಜೋತುಬಿದ್ದಿರುವುದನ್ನು ಕಂಡು ಮಗುವು ತಾನಾಗಿಯೇ ಪ್ರಶ್ನೆ ಕೇಳುವವರೆಗೆ ವ್ಯಾಕರಣವು ಕಾಯಲಿ. ಇವೆಲ್ಲ ನೆಲದಿಂದ ಮೂರಡಿಯೊಳಗೆ, ಮಗುವಿನ ಕಣ್ಣಿನ ಮಟ್ಟಕ್ಕೆ ಇರಬೇಕು. ಐದು ವರ್ಷದ ಮಗುವು ತಾನೇ ಕತ್ತರಿಸಿದ ಅಂಕುಡೊಂಕಾದ ಮೀನೊಂದನ್ನು ನಡುವೆ ಅಂಟಿಸಿದರೆ ಹಿರಿಯರು ಅದನ್ನು ತಿದ್ದುವ ಗೋಜಿಗೆ ಹೋಗದಿರುವುದೇ ಲೇಸು.

೧೯೭೭ರ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜಕ್ಕೆ ಉಪಯುಕ್ತವಾದ ಉತ್ಪಾದಕ ಕಾರ್ಯವನ್ನು ಶಾಲೆಯ ಪಾಠಕ್ರಮದಲ್ಲಿ ಸೇರಿಸಬೇಕೆಂದು ಸೂಚಿಸಿತು. ಅನೇಕ ಕಡೆಗಳಲ್ಲಿ ಅದು ಅಂಕಪಟ್ಟಿಯ ಒಂದು ಕಲಮಾಗಿ ಉಳಿಯಿತೆಂಬುದನ್ನು ಉಪಾಧ್ಯಾಯರು ಬಲ್ಲರು. ಪ್ರೌಢಶಾಲೆಯ ಹುಡುಗರೂ ಹುಡುಗಿಯರೂ ಸೂಜಿ ಹಿಡಿದು, ಹಳೆಯ ಸಮವಸ್ತ್ರಗಳಿಂದ ಒಂದು ಗೋಡೆಕೌದಿಯನ್ನೂ ಒಂದು ಅಕ್ಷರಮಾಲೆಯನ್ನೂ ಹೊಲಿದು ಶಿಶುವಿಹಾರಕ್ಕೋ ಉಚಿತ ವಿದ್ಯಾರ್ಥಿನಿಲಯದ ಕಿರಿಯ ಮಕ್ಕಳ ಕೋಣೆಗೋ ಕೊಟ್ಟರೆ ಆ ಕಲಮಿಗೆ ಜೀವ ಬಂದೀತು. ಮನೆಯನ್ನು ಬಿಟ್ಟುಬಂದ ಏಳೆಂಟು ವರ್ಷದ ಹುಡುಗನಿಗೆ ಸಾಲುಮಂಚಗಳ ನಡುವೆ ತನ್ನದೆನ್ನಲು ಸಿಗುವುದು ತಲೆಯ ಬಳಿಯ ಎರಡಡಿ ಗೋಡೆ ಮಾತ್ರ. ಅಲ್ಲಿ ಅವನ ತಾಯಿಯ ಸೀರೆಯ ತುಂಡೊಂದಿರುವ ಒಂದು ಚಿಕ್ಕ ಕಿಸೆಕೌದಿಯು ಎಷ್ಟು ಕೆಲಸ ಮಾಡಬಲ್ಲದೆಂಬುದನ್ನು ನಿಲಯಪಾಲಕರನ್ನು ಕೇಳಿದರೆ ತಿಳಿಯುತ್ತದೆ. ಸಂಸ್ಥೆಗೆ ನೆರವು ನೀಡುವ ದಾನಿಗಳು ಹಣದೊಡನೆ ಒಂದು ಗಂಟು ಒಗೆದ ಹಳೆಯ ಹತ್ತಿಬಟ್ಟೆಯನ್ನು ಕಳುಹಿಸಿದರೂ ಅದು ದಾನವೇ.

ಮಗುವು ಬೆಳೆದು ಗಿಳಿಗಳ ಅವಶ್ಯಕತೆಯು ತೀರಿದ ಮೇಲೆ ಅವನ್ನು ಬಿಚ್ಚಿ, ಅಂಟುವಾಳದ ನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ, ನೆರಳಲ್ಲಿ ಒಣಗಿದ ಬೇವಿನೆಲೆಯೊಡನೆ ಟ್ರಂಕಿನಲ್ಲಿ ಇಡತಕ್ಕದ್ದು. ನುಸಿಗುಳಿಗೆಯನ್ನು ಹಾಕಬಾರದು. ಅದರ ವಾಸನೆ ಹಿಡಿದ ಬಟ್ಟೆಯು ರಕ್ತದಲ್ಲಿ ಒಂದು ಬಗೆಯ ಜನ್ಮಜಾತ ಕೊರತೆಯುಳ್ಳ ಹಸುಳೆಗಳ ರಕ್ತಕಣಗಳನ್ನು ಒಡೆದು ಕಾಮಾಲೆಯನ್ನು ತರುತ್ತದೆ; ಮುಂದೆ ಆ ತೊಟ್ಟಿಲಿನಲ್ಲಿ ಮಲಗುವ ಮಗುವು ಯಾವುದೆಂದು ಟ್ರಂಕನ್ನು ಮುಚ್ಚುವಾಗ ಯಾರಿಗೂ ತಿಳಿದಿರುವುದಿಲ್ಲ.