ಒಂದೇ ಜೀವದ ಆಟ

ಅಭಿಮನ್ಯುವಿನ ಕಥೆ ನಮಗೆಲ್ಲ ಗೊತ್ತು. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವನು ಚಕ್ರವ್ಯೂಹದ ಒಳಗೆ ನುಗ್ಗುವ ಬಗೆಯನ್ನು ಕೇಳಿ ತಿಳಿದಿದ್ದ. ಹೊರಗೆ ಬರುವ ಬಗೆಯನ್ನು ಹೇಳುವಷ್ಟರಲ್ಲಿ ತಾಯಿಗೆ ನಿದ್ದೆ ಹತ್ತಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮೇಲೆ ಆ ವ್ಯೂಹವನ್ನು ಸುತ್ತುಸುತ್ತಾದ ದಾರಿಯ ಹಾಗೆ ಕೆತ್ತಿದ್ದಾರೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಗೋವೆಯ ಸಾಂಗೇ ತಾಲೂಕಿನಲ್ಲಿ, ಕುಶಾವತಿ ಹೊಳೆಯ ದಂಡೆಯ ಉಸಗಾಳಿಮಳದಲ್ಲಿ, ಕೆಂಪುಕಲ್ಲಿನ ಹಾಸಿನ ಮೇಲೆ ಗೂಳಿ, ಜಿಂಕೆಗಳ ಜೊತೆಗೆ ಅಂಥದೇ ಒಂದು ಸುತ್ತುದಾರಿಯ ಕೆತ್ತನೆ ಇದೆ. 1993ರಲ್ಲಿ ಊರವರು ತೋರಿಸಿಕೊಟ್ಟ ಮೇಲೆ ಪುರಾತತ್ತ್ವದವರ ಗಮನ ಅದರ ಮೇಲೆ ಬಿತ್ತು. ಸಿಕ್ಕು ದಾರಿಯೊಳಗೆ ಹೋಗಿ ಜೀವ ಉಳಿಸಿಕೊಂಡು ಬರಬೇಕು ಎಂಬ ಆಸೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ.

ಇವತ್ತು ನಾನು ಹೇಳಹೊರಟಿರುವುದು ಅದೇ ಆಸೆಯಿಂದ ಹುಟ್ಟಿದ ಒಂದು ಗಣಕಯಂತ್ರದ ಆಟದ ಬಗ್ಗೆ, ಅದನ್ನು ಆಡುವವರು ಏನೆನ್ನುತ್ತಾರೆ ಎಂಬುದರ ಬಗ್ಗೆ.

ವಾಸ್ಕೋದ ನಮ್ಮ ಮನೆಯಲ್ಲಿ ಈ ಮಾತು ಹುಟ್ಟಿದ್ದು ಹೀಗೆ. ನಮ್ಮ ಅಕ್ಕನ ಮಗ ಫೋನಿನಲ್ಲಿ ಏನನ್ನೋ ಆಡುತ್ತ, ನಡುನಡುವೆ "ಸತ್ತೆ!" ಎಂದು ಹಣೆ ಹಣೆ ಬಡಿದುಕೊಳ್ಳುತ್ತಿದ್ದ. ಅಕ್ಕನಿಗೆ ಆ ಮಾತು ಕಿವಿಗೆ ಬಿದ್ದರೆ ಆಗದು. "ತಮ್ಮಾ, ಏನ್ ಆಟನೋ ಅದು? ತಾಸಿಗೆ ನಾಕು ಸಲ ಸಾಯ್ತಾನ. ನೀನಾದ್ರೂ ನೋಡು" ಅಂದಳು. ನೋಡಲು ಕುಳಿತೆ. ಮೊದಲು ನನಗೆ ಕಂಡದ್ದು ಚುಕ್ಕಿ ಚುಕ್ಕಿಯ ಚಿತ್ರ. ಎಳೆ ಎಣಿಸಿ ಹಾಕಿದ ಕಸೂತಿಯ ಹಾಗೆ, ಒಂದೊಂದು ಚೌಕವೂ ಬೇರೆ ಬೇರೆ ಎದ್ದು ಕಾಣುತ್ತದೆ. ಈ ಕಾಲದಲ್ಲಿ ಇದೇಕೆ ಇಷ್ಟು ಹಳೆಯ ಚಿತ್ರ ಎಂದು ಕೇಳಿದೆ. "ಮಾಮಾ, ಬೇಕಂತಲೇ ಹಂಗ ಮಾಡ್ಯಾರ" ಅಂದ.

ಆಟದ ಹೆಸರು ಶ್ಯಾಟರ್ಡ್ ಪಿಕ್ಸೆಲ್ ಡಂಜನ್. ಡಂಜನ್ ಎಂದರೆ ಕೋಟೆಯ ಕೆಳಗಿನ ಕತ್ತಲೆಯ ನೆಲಮಾಳಿಗೆ. ರಷ್ಯಾದ ಒಲೆಗ್ ದೋಲ್ಯಾ ಎಂಬುವರು 2012ರಲ್ಲಿ ಪಿಕ್ಸೆಲ್ ಡಂಜನ್ ಎಂಬ ಆಟ ಮಾಡಿದರು. ಅದರ ಒಳಬರಹವನ್ನು ಅವರು ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ, 2014ರಲ್ಲಿ ಕೆನಡಾದ ಇವಾನ್ ಡೆಬೆನ್‌ಹ್ಯಾಮ್ ಅದನ್ನು ತಿದ್ದಿ ಬೆಳೆಸಿದರು. ಅದೇ ಈ ಆಟ. ಇದರ ಮೂಲ ಇನ್ನೂ ಹಿಂದಕ್ಕೆ ಹೋಗುತ್ತದೆ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಎಂಬ ಇಬ್ಬರು ವಿದ್ಯಾರ್ಥಿಗಳು ರೋಗ್ ಎಂಬ ಆಟ ಬರೆದರು. ರೋಗ ಅಲ್ಲ, ರೋಗ್, ಪೋಕರಿ ಎಂದರ್ಥ. ಮುಂದೆ ಕೆನ್ ಅರ್ನಾಲ್ಡ್ ಅವರ ಜೊತೆ ಸೇರಿದರು. ಆಗಿನ ಪರದೆಯ ಮೇಲೆ ಚಿತ್ರವಿಲ್ಲ, ಅಕ್ಷರಗಳೇ ಎಲ್ಲ. ಇಂಗ್ಲಿಷಿನ 26 ದೊಡ್ಡಕ್ಷರಗಳು 26 ಬಗೆಯ ಪ್ರಾಣಿ, ಪಿಶಾಚಿಗಳು. ಆಡುವವನು ಒಂದು ಸಣ್ಣ ಗುರುತು. ನೆಲದಡಿಯ ಅಂತಸ್ತುಗಳನ್ನು ಒಂದೊಂದಾಗಿ ಇಳಿದು 26ನೆಯದನ್ನು ಮುಟ್ಟಿ, ಯೆಂಡೋರ್ ಎಂಬ ತಾಯಿತವನ್ನು ಎತ್ತಿಕೊಂಡು ಮೇಲೆ ಬರಬೇಕು. ಈ ಜಾತಿಯ ಆಟಗಳಿಗೆಲ್ಲ ಇವತ್ತಿಗೂ ರೋಗ್‌ಲೈಕ್, ಅಂದರೆ ರೋಗ್‌ನಂಥವು, ಎಂದೇ ಹೆಸರು.

ಇವುಗಳ ಕಟ್ಟುಪಾಡು ಮೂರು. ಮೊದಲನೆಯದು, ಪ್ರತಿ ಸಲ ಆಟ ಶುರುಮಾಡಿದಾಗ ನೆಲಮಾಳಿಗೆಯ ನಕ್ಷೆ ಹೊಸದು. ಆಟ ಬರೆದವರಿಗೇ ಅದರಲ್ಲಿ ಅಚ್ಚರಿ ಉಳಿಯಬೇಕು ಎಂಬುದು ಮೊದಲಿನವರ ಆಸೆಯಾಗಿತ್ತು. ಎರಡನೆಯದು, ಸರದಿ. ನೀವು ಒಂದು ಹೆಜ್ಜೆ ಇಟ್ಟರೆ ಎದುರಾಳಿಯೂ ಒಂದು ಹೆಜ್ಜೆ ಇಡುತ್ತಾನೆ. ನೀವು ಗಲ್ಲಕ್ಕೆ ಕೈ ಕೊಟ್ಟು ಅರ್ಧ ತಾಸು ಯೋಚಿಸಿದರೂ ಅವನು ಕಾಯುತ್ತಾನೆ. ಬೆರಳಿನ ಚುರುಕು ಇಲ್ಲಿ ಬೇಕಿಲ್ಲ. ಮೂರನೆಯದು, ಒಂದೇ ಜೀವ. ಆಟವನ್ನು ನಡುವೆ ನಿಲ್ಲಿಸಿ ನಾಳೆ ಮುಂದುವರಿಸಬಹುದು. ಆದರೆ ಸತ್ತರೆ ಆ ಕಡತ ಅಳಿಸಿಹೋಗುತ್ತದೆ. ಕೂಡಿಟ್ಟ ಕತ್ತಿ, ಕವಚ, ಹೊನ್ನು ಎಲ್ಲವೂ ಹೋದವು. ಮತ್ತೆ ಮೊದಲ ಅಂತಸ್ತಿನಿಂದಲೇ ಶುರು.

ಈ ಮೂರನೆಯ ಕಟ್ಟಿನ ಬಗ್ಗೆಯೇ ಆಡುವವರಲ್ಲಿ ಜಗಳ. "ನಾಲ್ಕು ತಾಸಿನ ದುಡಿಮೆ ಒಂದು ತಪ್ಪಿಗೆ ಮಣ್ಣುಪಾಲಾದರೆ ಅದೆಂಥ ಆಟ?" ಎಂದು ಒಂದು ಪಕ್ಷ. "ಕಳೆದುಕೊಳ್ಳುವುದೇ ಇಲ್ಲ ಎಂದಾದರೆ ಯೋಚಿಸುವುದೇಕೆ?" ಎಂದು ಇನ್ನೊಂದು ಪಕ್ಷ. ನನಗೆ ಎರಡನೆಯ ಪಕ್ಷದ ಮಾತಿನಲ್ಲಿ ಹುರುಳು ಕಾಣುತ್ತದೆ. ಇದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಆಟದ ನೆಲವೆಲ್ಲ ಚೌಕದ ಮನೆಗಳು. ಬಯಲಿನಂಥ ಕೋಣೆಯ ನಡುವೆ ನಿಂತರೆ ನಿಮ್ಮ ಸುತ್ತ 8 ಮನೆಗಳಿರುತ್ತವೆ. 8 ಕಡೆಯಿಂದಲೂ ಹೊಡೆತ ಬೀಳಬಹುದು. ಹಿಂದೆ ಸರಿದು ಇಕ್ಕಟ್ಟಾದ ಓಣಿಯಲ್ಲಿ ನಿಂತರೆ ಎದುರಿಗೆ ಒಬ್ಬನೇ ಬರಬಲ್ಲ. ಬಾಗಿಲ ಮರೆಯಲ್ಲಿ ನಿಂತು, ನಿಮ್ಮನ್ನು ಕಾಣದೆ ಒಳಗೆ ಬಂದವನಿಗೆ ಕೊಟ್ಟ ಮೊದಲ ಏಟು ಈ ಆಟದಲ್ಲಿ ತಪ್ಪುವುದೇ ಇಲ್ಲ. ಮತ್ತೆ ಚಕ್ರವ್ಯೂಹ ನೆನಪಿಸಿಕೊಳ್ಳಿ. ಅಭಿಮನ್ಯು ಸತ್ತದ್ದು ನಡುವೆ ನಿಂತು, ಹಲವರು ಸುತ್ತುವರಿದಾಗ. ಅವನ ಹಿಂದೆ ಬರಬೇಕಿದ್ದ ನಾಲ್ವರು ಪಾಂಡವರನ್ನು ತಡೆದವನು ಸೈಂಧವ ಒಬ್ಬನೇ. ಅವನಿಗೆ ಶಿವನ ವರವೂ ಇತ್ತು, ನಿಂತ ಜಾಗವೂ ಬಾಗಿಲಾಗಿತ್ತು. ನಮ್ಮ ಹುಲಿ-ಕುರಿ ಆಟದ ಗುಟ್ಟೂ ಇದೇ. 3 ಹುಲಿ, 15 ಕುರಿಯ ಆಟದಲ್ಲಿ ಒಂಟಿ ಕುರಿ ಹುಲಿಯ ಬಾಯಿಗೆ ತುತ್ತು; ಕುರಿಗಳೆಲ್ಲ ಜಾಗ ನೋಡಿ ನಿಂತರೆ ಹುಲಿಗೇ ಅಲುಗಾಡಲು ಮನೆ ಇಲ್ಲ. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಗೀಚಿರುವ ಆಟದ ಮನೆಗಳನ್ನು ನೀವು ನೋಡಿರಬಹುದು. ಎಲ್ಲಿ ನಿಲ್ಲಬೇಕು ಎಂಬುದನ್ನು ಜನ ಅಲ್ಲಿ ಕೂತು ಕಲಿತರು. ಇಂದಿನ ಹುಡುಗ ಫೋನಿನಲ್ಲಿ ಕಲಿಯುತ್ತಾನೆ. ಸತ್ತರೂ ಏನೂ ಹೋಗುವುದಿಲ್ಲ ಎಂದಾಗಿದ್ದರೆ, ಓಣಿಗೆ ಸರಿಯುವ ತೊಂದರೆಯನ್ನು ಯಾರು ತೆಗೆದುಕೊಳ್ಳುತ್ತಿದ್ದರು?

ಎರಡನೆಯ ದೂರು ಅದೃಷ್ಟದ್ದು. ದಾರಿಯಲ್ಲಿ ಬಣ್ಣಬಣ್ಣದ ಔಷಧದ ಸೀಸೆಗಳು ಸಿಗುತ್ತವೆ. ಯಾವುದು ಗಾಯ ಮಾಯಿಸುವುದು, ಯಾವುದು ವಿಷದ ಹೊಗೆ, ಯಾವುದು ಬೆಂಕಿ ಎಂದು ಮೊದಲು ತಿಳಿಯದು; ಪ್ರತಿ ಆಟಕ್ಕೂ ಬಣ್ಣ ಬದಲು. ನಾನು ನಾಲ್ಕನೆಯ ಅಂತಸ್ತಿನಲ್ಲಿ ಒಂದು ಸೀಸೆ ಕುಡಿದು, ಬೆಂಕಿ ಹತ್ತಿ, ಸುಟ್ಟು ಸತ್ತೆ. "ಇದು ಬರೀ ಜೂಜು" ಎಂದು ಫೋನು ಕೆಳಗಿಟ್ಟೆ. ಹುಡುಗ ನಕ್ಕ. "ನೀರಿನ್ಯಾಗ ನಿಂತು ಕುಡೀಬೇಕಿತ್ತು ಮಾಮಾ" ಅಂದ. ನೀರು ಹತ್ತು ಹೆಜ್ಜೆ ದೂರದಲ್ಲೇ ಇತ್ತು. ಸೀಸೆಯಲ್ಲಿ ಏನಿತ್ತೋ ಅದು ಅದೃಷ್ಟ. ಎಲ್ಲಿ ನಿಂತು ಕುಡಿದೆ ಎಂಬುದು ನನ್ನದೇ ಕೆಲಸ.

ಅದೃಷ್ಟವೋ ಜಾಣ್ಮೆಯೋ ಎಂಬ ಪ್ರಶ್ನೆಗೆ ಹಳೆಯದೊಂದು ಸಾಕ್ಷ್ಯವೂ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು 1980ರ ದಶಕದ ಮೊದಲಲ್ಲಿ ರೋಗ್ ಆಟವನ್ನು ತಾನೇ ಆಡುವ ರೋಗ್-ಓ-ಮ್ಯಾಟಿಕ್ ಎಂಬ ಕ್ರಮವಿಧಿಯನ್ನು ಬರೆದರು. 1983ರ ಮೂರು ವಾರಗಳ ಪರೀಕ್ಷೆಯಲ್ಲಿ ಅದರ ನಡುಮಟ್ಟದ ಅಂಕ ಅಲ್ಲಿನ 15 ಮಂದಿ ಪಳಗಿದ ಆಟಗಾರರದಕ್ಕಿಂತ ಮೇಲಿತ್ತು. ಎಲ್ಲವೂ ಅದೃಷ್ಟವಾಗಿದ್ದರೆ ನಿಯಮ ಹಿಡಿದು ನಡೆಯುವ ಯಂತ್ರ ವಾರಗಟ್ಟಲೆ ಮೇಲುಗೈ ಆಗುತ್ತಿತ್ತೇ? ಆದರೂ ಒಮ್ಮೊಮ್ಮೆ ಯಾರ ತಪ್ಪೂ ಇಲ್ಲದೆ ಸಾಯುವುದುಂಟು. ಆ ದೂರು ಪೂರ್ತಿ ಸುಳ್ಳಲ್ಲ.

ಮೂರನೆಯದು ಚಿತ್ರದ ಮಾತು. ಹಳೆಯ ಚಿತ್ರ ಕಣ್ಣಿಗೆ ಬಡತನ ಎನ್ನುವವರುಂಟು. ಮೆಚ್ಚುವವರು ಹೇಳುವುದು ಬೇರೆ. ಚೌಕಗಳು ಸ್ಪಷ್ಟ, ಲೆಕ್ಕ ತಪ್ಪದು, ಅಗ್ಗದ ಫೋನಿನಲ್ಲೂ ನಡೆಯುತ್ತದೆ, ಇಂಟರ್‌ನೆಟ್ ಬೇಕಿಲ್ಲ, ನಡುವೆ ಜಾಹೀರಾತು ಬಂದು ಕಾಡುವುದಿಲ್ಲ. ಇದೇ ವಂಶದ ನೆಟ್‌ಹ್ಯಾಕ್ 1987ರದು. 2003ರಿಂದ 2015ರವರೆಗೆ 12 ವರ್ಷ ಅದಕ್ಕೆ ಹೊಸ ಆವೃತ್ತಿಯೇ ಬರಲಿಲ್ಲ, ಆಡುವವರು ಬಿಡಲಿಲ್ಲ. ಚಿತ್ರದ ಚೆಲುವಿಗೆ ಬಂದವರಾಗಿದ್ದರೆ ಎಂದೋ ಎದ್ದು ಹೋಗುತ್ತಿದ್ದರು.

ಇನ್ನು ಒಂದು ಕಳ್ಳದಾರಿಯ ಮಾತು. ರೋಗ್‌ನ ಕಾಲದಿಂದಲೂ ಕೆಲವರು ಆಟದ ಕಡತದ ನಕಲು ಮಾಡಿಟ್ಟುಕೊಂಡು, ಸತ್ತಾಗ ಅದನ್ನೇ ತಿರುಗಿ ಹಾಕಿ ಮುಂದುವರಿಸುತ್ತಾರೆ. ನಮ್ಮ ಹುಡುಗನೂ ಮಾಡಿದ. 25ನೆಯ ಅಂತಸ್ತಿನ ಕೊನೆಯ ರಾಕ್ಷಸನನ್ನು ಕೊಂದು ತಾಯಿತ ಹಿಡಿದ. ಯಾರಿಗೂ ಹೇಳಲಿಲ್ಲ. ಯಾಕೋ ಎಂದು ಕೇಳಿದ್ದಕ್ಕೆ, "ಅದು ನಾ ಗೆದ್ದದ್ದಲ್ಲ ಮಾಮಾ" ಅಂದ. ನೋಡುವವರಿರಲಿಲ್ಲ, ಬೈಯುವವರಿರಲಿಲ್ಲ. ಆದರೂ ಮರುದಿನ ಮೊದಲ ಅಂತಸ್ತಿನಿಂದ ಶುರುಮಾಡಿದ್ದ.

ಇಷ್ಟಾದರೂ ಅಕ್ಕನ ಅಂಜಿಕೆ ಹೋಗಿರಲಿಲ್ಲ. ಅವಳದು ಆಟದ ಅಂಜಿಕೆಯಲ್ಲ. ಆ ವರ್ಷ ಹುಡುಗ ಗಣಿತದಲ್ಲಿ ಫೇಲಾಗಿದ್ದ. ಫಲಿತಾಂಶ ಬಂದ ದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದ. ಅಂಥ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿದ ತಾಯಿಗೆ, "ಸತ್ತೆ" ಎಂಬ ಮಾತು ಆಟದ್ದೋ ಮನಸ್ಸಿನದ್ದೋ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಅವಳು ಅದನ್ನು ಬಾಯಿಬಿಟ್ಟು ಹೇಳಿಯೇಬಿಟ್ಟಳು. ಹುಡುಗ ಫೋನು ಬದಿಗಿಟ್ಟ. "ಅವ್ವಾ, ಅಂವ ಸತ್ತಾನ, ನಾ ಎಲ್ಲಿ ಸತ್ತೀನಿ? ಅಂವ ಯಾಕ ಸತ್ತ ಅನ್ನೂದು ನನಗ ಗೊತ್ತೈತಿ. ಮುಂದಿನ ಸಲ ಹಂಗ ಆಗೂದಿಲ್ಲ" ಅಂದ. ಅಕ್ಕ ಏನೂ ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟಳು.

ಈ ಆಟದಲ್ಲಿ ಸಾಯುವವನು ಪರದೆಯ ಮೇಲಿನ ಬೊಂಬೆ. ಅವನ ಕತ್ತಿ, ಕವಚ ಹೋಗುತ್ತವೆ. ಆಡುವವನ ತಿಳಿವು ಹೋಗುವುದಿಲ್ಲ. ಅಭಿಮನ್ಯುವಿಗೆ ಆ ಅವಕಾಶ ಇರಲಿಲ್ಲ. ಗಣಿತದ ಪರೀಕ್ಷೆಗೆ ಇದೆ.

ಹಾಗೆಂದು ದಿನವಿಡೀ ಆಡಲಿ ಎಂದು ನಾನು ಹೇಳುವುದಿಲ್ಲ. ಸರದಿಯ ಆಟ ನಿಲ್ಲಿಸಿದಲ್ಲಿ ನಿಲ್ಲುತ್ತದೆ, ಕಾಯುತ್ತದೆ; ಆದ್ದರಿಂದ ಊಟಕ್ಕೆ ಕರೆದಾಗ ಏಳದಿದ್ದರೆ ತಪ್ಪು ಆಟದ್ದಲ್ಲ. ಮಕ್ಕಳು ಆಡುವಾಗ ತಂದೆತಾಯಿಗಳು ಹತ್ತು ನಿಮಿಷ ಪಕ್ಕದಲ್ಲಿ ಕುಳಿತು, "ಈ ಸಲ ಯಾಕೆ ಸತ್ತೆ?" ಎಂದು ಕೇಳಿ ನೋಡಿ. "ಅದೃಷ್ಟ ಸರಿಯಿಲ್ಲ" ಎಂದಷ್ಟೇ ಹೇಳಿದರೆ ಇನ್ನೂ ಕಲಿಯಬೇಕಾದ್ದಿದೆ. "ಬಾಗಿಲಲ್ಲಿ ನಿಲ್ಲಬೇಕಿತ್ತು" ಎಂದರೆ ಹುಡುಗ ದಾರಿಗೆ ಬಂದಿದ್ದಾನೆ.

ನಮ್ಮವನು ಗಣಿತದ ಪರೀಕ್ಷೆಗೆ ಮತ್ತೆ ಕುಳಿತ, ಪಾಸಾದ. ನಾನು ಮಾತ್ರ ಇನ್ನೂ ಏಳನೆಯ ಅಂತಸ್ತನ್ನು ದಾಟಿಲ್ಲ.