ಹುಟ್ಟು ಹಿರಿದೋ, ಬೆಳೆದ ಬಗೆ ಹಿರಿದೋ? – ಒಂದು ಆಟದ ಹಳೆಯ ಮತ್ತು ಹೊಸ ಆವೃತ್ತಿಗಳು

ಕಳೆದ ಓಣಂ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಪರದೇಶದ ಉದ್ಯೋಗದಿಂದ ಊರಿಗೆ ಬಂದಿದ್ದನು. ಅವನ ಪೆಟ್ಟಿಗೆಯಲ್ಲಿ ಎರಡು ದಪ್ಪ ಪುಸ್ತಕಗಳಿದ್ದುವು. ಎರಡಕ್ಕೂ ಹೆಸರು ಒಂದೇ. ಒಂದು 2014ರಲ್ಲಿ ಅಚ್ಚಾದುದು, ಇನ್ನೊಂದು 2024ರದು. ಅವು ಅಮೆರಿಕದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದ ನಿಯಮಗ್ರಂಥಗಳು. ನೆರೆಕರೆಯ ನಾಲ್ಕು ಮಕ್ಕಳನ್ನು ನಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಅವನು ಆಟವನ್ನು ಕಲಿಸತೊಡಗಿದನು.

ಆಟಕ್ಕೆ ಮೊದಲು ಪ್ರತಿಯೊಬ್ಬರೂ ತಮಗೊಂದು ಪಾತ್ರವನ್ನು ಕಟ್ಟಿಕೊಳ್ಳಬೇಕು. ಏಳನೆಯ ತರಗತಿಯ ಹುಡುಗಿಯೊಬ್ಬಳು, ತನ್ನ ಪಾತ್ರವು ಕೃಷಿಕರ ಮನೆಯಲ್ಲಿ ಬೆಳೆದು ಮಂತ್ರವಿದ್ಯೆ ಕಲಿಯಲು ಹೊರಟವಳು ಎಂದು ಬರೆದುಕೊಂಡಳು. ಇವನು ಹೊಸ ಪುಸ್ತಕವನ್ನು ತೆರೆದು ನೋಡಿ, ಕೃಷಿಕರ ಹಿನ್ನೆಲೆಯವರು ಬಲ, ತಾಳಿಕೆ, ವಿವೇಕ ಈ ಮೂರರಲ್ಲಿ ಮಾತ್ರ ಅಂಕ ಏರಿಸಿಕೊಳ್ಳಬಹುದು, ಬುದ್ಧಿಯಲ್ಲಿ ಏರಿಸುವಂತಿಲ್ಲ ಎಂದನು. ಮಂತ್ರವಿದ್ಯೆಗೆ ಬೇಕಾದುದಾದರೋ ಬುದ್ಧಿಯೇ. “ಯಾಕೆ ಅಣ್ಣ, ತೋಟದಲ್ಲಿ ಕೆಲಸ ಮಾಡುವವರಿಗೆ ಬುದ್ಧಿ ಇರುವುದಿಲ್ಲವಾ?” ಎಂದು ಆ ಹುಡುಗಿ ಕೇಳಿದಳು. ಅವಳ ತಂದೆ ತಾಯಿ ಇಬ್ಬರೂ ಕಂಗಿನ ತೋಟದಲ್ಲಿ ದುಡಿಯುವವರು.

ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡಲು ನಮಗೆ ಮನಸ್ಸಾಗಲಿಲ್ಲ. ಎರಡು ಪುಸ್ತಕಗಳನ್ನೂ ಇರಿಸಿಕೊಂಡು ಓದಿದೆವು. ಅವಕ್ಕೂ ಹಿಂದಿನ ಆವೃತ್ತಿಗಳ ಸಂಗತಿಯನ್ನು ತಿಳಿದುಕೊಂಡೆವು. ಮನುಷ್ಯನ ಯೋಗ್ಯತೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಈ ಒಂದು ಆಟವು ಐವತ್ತು ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆಯೆಂದು ಆಗ ಕಂಡಿತು. ಅದನ್ನೇ ವಾಚಕರ ಮುಂದಿಡುತ್ತಿದ್ದೇವೆ.

ಆಟದ ಬಗೆ

ಡಂಜನ್ ಎಂದರೆ ಕೋಟೆಯ ಕತ್ತಲೆಯ ನೆಲಮಾಳಿಗೆ. ಡ್ರಾಗನ್ ಎಂದರೆ ಬೆಂಕಿಯುಗುಳುವ ಘಟಸರ್ಪ. ತಾಳಮದ್ದಳೆಯನ್ನು ಕೇಳಿ ಬೆಳೆದ ನಮ್ಮ ಕಡೆಯವರಿಗೆ ಈ ಆಟವನ್ನು ತಿಳಿಯುವುದು ಕಷ್ಟವಲ್ಲ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷ ಕಟ್ಟದೆ, ಕುಣಿಯದೆ, ಕುಳಿತಲ್ಲಿಯೇ ಕೃಷ್ಣನಾಗಿ ಕೌರವನಾಗಿ ಆ ಕ್ಷಣಕ್ಕೆ ಹೊಳೆದ ಮಾತನ್ನಾಡುತ್ತಾರೆ. ಭಾಗವತರು ಪ್ರಸಂಗವನ್ನು ಮುಂದಕ್ಕೊಯ್ಯುತ್ತಾರೆ. ಇಲ್ಲಿಯೂ ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರದ ಮಾತನ್ನಾಡುವರು. ಭಾಗವತರ ಸ್ಥಾನದಲ್ಲಿರುವವನಿಗೆ ‘ಡಂಜನ್ ಮಾಸ್ಟರ್’ ಎಂದು ಹೆಸರು. ಆದರೆ ಪ್ರಸಂಗದ ಕೊನೆ ಇಲ್ಲಿ ಯಾರಿಗೂ ಮೊದಲೇ ಗೊತ್ತಿಲ್ಲ. ಪಾತ್ರವು ಹಳ್ಳವನ್ನು ಹಾರಿತೇ, ರಕ್ಕಸನನ್ನು ಮಾತಿನಲ್ಲಿ ಗೆದ್ದಿತೇ ಎಂಬುದನ್ನು ಇಪ್ಪತ್ತು ಮುಖಗಳ ದಾಳವು ನಿರ್ಣಯಿಸುತ್ತದೆ. ಗೆದ್ದವರು ಸೋತವರು ಎಂಬುದಿಲ್ಲ. ಕತೆ ಮುಂದುವರಿಯುವುದೇ ಆಟ.

ಪ್ರತಿಯೊಂದು ಪಾತ್ರಕ್ಕೂ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಗುಣಗಳಿಗೆ ಅಂಕಗಳಿರುತ್ತವೆ. ಯೋಧ, ಮಂತ್ರವಾದಿ, ಕಳ್ಳ ಮೊದಲಾದ ಒಂದು ವೃತ್ತಿಯಿರುತ್ತದೆ. ಪಾತ್ರವು ಮನುಷ್ಯನಾಗಿರಬಹುದು, ಇಲ್ಲವೇ ಯೂರೋಪಿನ ಜನಪದ ಕತೆಗಳಲ್ಲಿ ಬರುವ ಎಲ್ಫ್ ಎಂಬ ವನವಾಸಿಯೋ, ಡ್ವಾರ್ಫ್ ಎಂಬ ಗಣಿಗಾರ ಕುಳ್ಳನೋ ಆಗಿರಬಹುದು. ಈ ಭೇದಕ್ಕೆ ಹಳೆಯ ಪುಸ್ತಕಗಳಲ್ಲಿ ‘ರೇಸ್’ ಎಂಬ ಪದವಿತ್ತು. ನಾವು ಕುಲ ಎನ್ನೋಣ. ಕುಲವು ಪಾತ್ರದ ದಾರಿಯನ್ನು ಎಷ್ಟರ ಮಟ್ಟಿಗೆ ನಿರ್ಧರಿಸಬೇಕು ಎಂಬಲ್ಲಿಯೇ ಆವೃತ್ತಿಯಿಂದ ಆವೃತ್ತಿಗೆ ವ್ಯತ್ಯಾಸವಾಗಿದೆ.

ಕುಲವೇ ಕಸುಬಾಗಿದ್ದ ಕಾಲ

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಪೇಟೆಯಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟ ಮೊದಲು ಪ್ರಕಟವಾಯಿತು. ಒಂದು ಪೆಟ್ಟಿಗೆ, ಅದರಲ್ಲಿ ಮೂರು ಕಿರುಹೊತ್ತಗೆಗಳು. ಮೊದಲ ಮುದ್ರಣ ಒಂದು ಸಾವಿರ ಪ್ರತಿಗಳು. ಆ ಹೊತ್ತಗೆಯ ಪ್ರಕಾರ ಡ್ವಾರ್ಫ್ ಕುಲದವನು ಯೋಧನಲ್ಲದೆ ಬೇರೇನೂ ಆಗುವಂತಿರಲಿಲ್ಲ. ಯೋಧನಾದರೂ ಆರನೆಯ ಮೆಟ್ಟಿಲಿನಿಂದ ಮೇಲೆ ಹತ್ತುವಂತಿರಲಿಲ್ಲ. ಹಾಫ್ಲಿಂಗ್ ಎಂಬ ಇನ್ನೊಂದು ಸಣ್ಣ ದೇಹದ ಕುಲಕ್ಕೆ ನಾಲ್ಕನೆಯ ಮೆಟ್ಟಿಲೇ ಕೊನೆ. ಮನುಷ್ಯನಿಗೆ ಮಾತ್ರ ಮಿತಿಯಿಲ್ಲ. ಇದಕ್ಕೆ ಕೊಟ್ಟ ಸಮಾಧಾನವೆಂದರೆ, ಕತ್ತಲೆಯಲ್ಲಿ ಕಾಣುವುದೇ ಮೊದಲಾದ ಸಹಜ ಶಕ್ತಿಗಳು ಇತರ ಕುಲಗಳಿಗಿರುವುದರಿಂದ, ಮಿತಿಯಿಲ್ಲದಿದ್ದರೆ ಮನುಷ್ಯಪಾತ್ರವನ್ನು ಯಾರೂ ಆರಿಸರು ಎಂಬುದು. ಆಟದ ತೂಕದ ದೃಷ್ಟಿಯಿಂದ ಇದರಲ್ಲಿ ಅರ್ಥವಿಲ್ಲದೆ ಇಲ್ಲ.

1978ರ ‘ಅಡ್ವಾನ್ಸ್ಡ್’ ಆವೃತ್ತಿಯ ಆಟಗಾರರ ಪುಸ್ತಕದಲ್ಲಿ ಸ್ತ್ರೀ ಪಾತ್ರಗಳ ಬಲಕ್ಕೆ ಪುರುಷರಿಗಿಂತ ಕೆಳಗೆ ಒಂದು ಗೆರೆ ಎಳೆಯಲಾಗಿತ್ತು. 1981ರಲ್ಲಿ ಹೊಸಬರಿಗಾಗಿ ಬಂದ ಸರಳ ಆವೃತ್ತಿಯಲ್ಲಂತೂ ಎಲ್ಫ್, ಡ್ವಾರ್ಫ್, ಹಾಫ್ಲಿಂಗ್ ಎಂಬವು ವೃತ್ತಿಗಳ ಪಟ್ಟಿಯಲ್ಲಿಯೇ ಸೇರಿದುವು. ಮನುಷ್ಯನಾದವನು ಯೋಧನಾಗಬಹುದು, ಮಂತ್ರವಾದಿಯಾಗಬಹುದು. ಡ್ವಾರ್ಫನ ವೃತ್ತಿ ಏನೆಂದರೆ ‘ಡ್ವಾರ್ಫ್’. ಕುಲವೇ ಕಸುಬು. ಕನ್ನಡ ನಾಡಿನ ಶರಣರೂ ದಾಸರೂ ಶತಮಾನಗಳ ಹಿಂದೆಯೇ ಪ್ರಶ್ನಿಸಿದ ವಿಚಾರವು, ಯಾರ ಕೆಟ್ಟ ಉದ್ದೇಶವೂ ಇಲ್ಲದೆ, ಕೇವಲ ಲೆಕ್ಕದ ಅನುಕೂಲಕ್ಕಾಗಿ ಒಂದು ಆಟದಲ್ಲಿ ತಲೆಯೆತ್ತಿದ್ದು ನಮಗೆ ಸೋಜಿಗವಾಗಿ ತೋರಿತು.

1989ರ ಎರಡನೆಯ ಆವೃತ್ತಿಯು ಸ್ತ್ರೀಯರ ಬಲದ ಮಿತಿಯನ್ನು ಅಳಿಸಿತು. ಕುಲಗಳ ಮೆಟ್ಟಿಲಿನ ಮಿತಿಯನ್ನು ಉಳಿಸಿಕೊಂಡಿತು.

ಮಿತಿ ಹೋಯಿತು, ಅಂಕ ಉಳಿಯಿತು

1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಸಂಸ್ಥೆಯು ಮೂಲ ಪ್ರಕಾಶನವನ್ನು ಕೊಂಡುಕೊಂಡಿತು. ಅದು 2000ದಲ್ಲಿ ಹೊರತಂದ ಮೂರನೆಯ ಆವೃತ್ತಿಯಲ್ಲಿ ದೊಡ್ಡ ಬಾಗಿಲೊಂದು ತೆರೆಯಿತು: ಯಾವ ಕುಲದವರೂ ಯಾವ ವೃತ್ತಿಯನ್ನಾದರೂ ಹಿಡಿಯಬಹುದು, ಎಷ್ಟು ಮೇಲಕ್ಕಾದರೂ ಏರಬಹುದು. ಆದರೆ ಹುಟ್ಟಿನೊಡನೆ ಕೂಡುವ, ಕಳೆಯುವ ಅಂಕಗಳು ಉಳಿದುವು. ಡ್ವಾರ್ಫನಿಗೆ ತಾಳಿಕೆಯಲ್ಲಿ ಎರಡು ಹೆಚ್ಚು, ವರ್ಚಸ್ಸಿನಲ್ಲಿ ಎರಡು ಕಡಿಮೆ. ಓರ್ಕ್ ಎಂಬ ಉಗ್ರ ಕುಲದ ಮತ್ತು ಮನುಷ್ಯರ ಮಿಶ್ರ ಸಂತಾನಕ್ಕೆ ಬಲದಲ್ಲಿ ಎರಡು ಹೆಚ್ಚು. ಬುದ್ಧಿಯಲ್ಲಿ ಎರಡು, ವರ್ಚಸ್ಸಿನಲ್ಲಿ ಎರಡು ಕಡಿಮೆ. 2008ರ ನಾಲ್ಕನೆಯ ಆವೃತ್ತಿಯು ಆಟಗಾರರ ಪುಸ್ತಕದ ಕುಲಗಳಿಗೆ ಕಳೆಯುವ ಲೆಕ್ಕವನ್ನು ಬಿಟ್ಟು ಕೂಡುವ ಲೆಕ್ಕವನ್ನು ಮಾತ್ರ ಇರಿಸಿತು. 2014ರ ಐದನೆಯ ಆವೃತ್ತಿಯ ಆಟಗಾರರ ಪುಸ್ತಕವೂ ಅದೇ ದಾರಿಯಲ್ಲಿ ನಡೆಯಿತು.

ಕಳೆಯದೆ ಕೂಡಿದರೆ ಯಾರಿಗೇನು ನಷ್ಟ ಎನ್ನಬಹುದು. ಆದರೆ ಒಬ್ಬನಿಗೆ ಬಲದಲ್ಲಿ ಕೂಡಿ, ಇನ್ನೊಬ್ಬನಿಗೆ ಬುದ್ಧಿಯಲ್ಲಿ ಕೂಡಿದರೆ, ಮೊದಲನೆಯವನು ಪುಸ್ತಕ ಹಿಡಿಯುವುದಕ್ಕಿಂತ ಕೊಡಲಿ ಹಿಡಿಯುವುದೇ ಲಾಭ ಎಂದು ನಿಯಮವೇ ಕಿವಿಯಲ್ಲಿ ಹೇಳಿದಂತಾಗುತ್ತದೆ. ಬಾಗಿಲು ತೆರೆದಿದ್ದರೂ ಹೊಸ್ತಿಲು ಒಬ್ಬೊಬ್ಬನಿಗೆ ಒಂದೊಂದು ಎತ್ತರ.

ಹೊಸ ಪುಸ್ತಕ ಮಾಡಿದ್ದೇನು?

2020ರ ನವೆಂಬರಿನಲ್ಲಿ ಬಂದ ಪೂರಕ ಗ್ರಂಥವೊಂದು, ಹುಟ್ಟಿನ ಅಂಕಗಳನ್ನು ಬೇಕಾದ ಗುಣಕ್ಕೆ ವರ್ಗಾಯಿಸಿಕೊಳ್ಳಬಹುದೆಂದು ಐಚ್ಛಿಕ ನಿಯಮವನ್ನು ಕೊಟ್ಟಿತು. 2022ರ ಡಿಸೆಂಬರಿನಲ್ಲಿ ಪ್ರಕಾಶಕರು ‘ರೇಸ್’ ಎಂಬ ಪದವನ್ನೇ ಬಿಟ್ಟು ‘ಸ್ಪೀಷೀಸ್’, ಅಂದರೆ ಜೀವಪ್ರಭೇದ, ಎಂಬುದನ್ನು ಬಳಸುವುದಾಗಿ ಸಾರಿದರು. 2024ರ ಸೆಪ್ಟೆಂಬರಿನ ಆಟಗಾರರ ಪುಸ್ತಕದಲ್ಲಿ ಈ ಹೊಸ ಪದವು ಮುಖ್ಯ ನಿಯಮದಲ್ಲಿಯೇ ಸೇರಿತು. ಹಳೆಯದು 320 ಪುಟ, ಹೊಸದು 384.

ಹೊಸದರಲ್ಲಿ ಪಾತ್ರದ ಪ್ರಭೇದವು ಒಂದು ಅಂಕವನ್ನೂ ಕೂಡಿಸುವುದಿಲ್ಲ. ಕೂಡಿಸುವುದು ಹಿನ್ನೆಲೆ, ಎಂದರೆ, ಸಾಹಸಕ್ಕೆ ಹೊರಡುವ ಮುಂಚೆ ಪಾತ್ರವು ಏನು ಮಾಡಿಕೊಂಡಿತ್ತು ಎಂಬುದು. ಕೃಷಿಕ, ವರ್ತಕ, ಲಿಪಿಕಾರ, ನಾವಿಕ, ಕಾವಲುಗಾರ ಎಂದು ಇಂತಹ 16 ಹಿನ್ನೆಲೆಗಳಿವೆ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. 2014ರ ಪುಸ್ತಕದಲ್ಲಿ ಡ್ವಾರ್ಫ್ ಆಗಿ ಹುಟ್ಟಿದವನಿಗೆ ಕೊಡಲಿ, ಸುತ್ತಿಗೆಗಳ ಯುದ್ಧವಿದ್ಯೆ ತಾನಾಗಿ ಬರುತ್ತಿತ್ತು. 2024ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಕತ್ತಲೆಯಲ್ಲಿ ಕಾಣುವ ಕಣ್ಣು, ವಿಷವನ್ನು ತಡೆಯುವ ಮೈ, ಇವು ಉಳಿದಿವೆ. ದೇಹಕ್ಕೆ ಸೇರಿದ್ದು ಹುಟ್ಟಿನಿಂದ, ಕೈಗೆ ಸೇರಿದ್ದು ಕಲಿಕೆಯಿಂದ ಎಂಬ ಈ ವಿಂಗಡಣೆಯನ್ನು ಶಿಕ್ಷಕರಾದ ನಾವು ಮನಸಾರೆ ಮೆಚ್ಚುತ್ತೇವೆ.

ಮೆಚ್ಚದಿರುವುದೂ ಇದೆ. ಮಿಶ್ರ ಸಂತಾನದ ಎರಡು ಪಾತ್ರಗಳಿಗೆ, ಮನುಷ್ಯ–ಎಲ್ಫ್ ಮತ್ತು ಮನುಷ್ಯ–ಓರ್ಕ್ ಮನೆಗಳ ಮಕ್ಕಳಿಗೆ, ಹೊಸ ಪುಸ್ತಕದಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಹಳೆಯ ಪುಸ್ತಕದಿಂದ ತಂದು ಆಡಬಹುದೆಂಬುದು ನಿಜ. ಆದರೂ ಎರಡು ಕಡೆಗೂ ಸೇರಿದವರನ್ನು ಹೊಸ ಪಟ್ಟಿಯಿಂದ ಬಿಟ್ಟರೆ, ಎರಡು ರಾಜ್ಯಗಳ ನಡುವೆ ಬಾಳುವ ನಮ್ಮಂತಹವರಿಗೆ ಅದು ಕಣ್ಣಿಗೆ ಬೀಳದೆ ಇರದು.

ಇನ್ನು ಆ ಹುಡುಗಿಯ ಪ್ರಶ್ನೆ. ಕುಲದ ಕೈಯಿಂದ ಕಿತ್ತುಕೊಂಡ ಅಂಕಗಳನ್ನು ಹೊಸ ಪುಸ್ತಕವು ಮನೆಯ ಕಸುಬಿನ ಕೈಗೆ ಕೊಟ್ಟಿದೆ. ಲಿಪಿಕಾರನು ಬುದ್ಧಿಯನ್ನು ಏರಿಸಿಕೊಳ್ಳಬಹುದು, ಕಾವಲುಗಾರನೂ ಏರಿಸಿಕೊಳ್ಳಬಹುದು. ಕೃಷಿಕನಿಗೆ ಆ ಅವಕಾಶವಿಲ್ಲ. ತರಗತಿಯ ದಾಖಲೆಯಲ್ಲಿ ತಂದೆಯ ಉದ್ಯೋಗವನ್ನು ಓದಿ ಮಗುವಿನ ಬುದ್ಧಿಯನ್ನು ಅಳೆಯುವ ಉಪಾಧ್ಯಾಯರನ್ನು ನಾವು ಕಂಡಿದ್ದೇವೆ. ನಮ್ಮ ಮೊದಲ ವರ್ಷಗಳಲ್ಲಿ ನಾವೂ ಹಾಗೆ ಅಳೆದದ್ದುಂಟು, ಮತ್ತು ಆ ಮಕ್ಕಳೇ ನಮ್ಮನ್ನು ತಿದ್ದಿದ್ದುಂಟು. ಹುಟ್ಟಿನ ಬೇಲಿಯನ್ನು ಕಿತ್ತು ಕಸುಬಿನ ಬೇಲಿಯನ್ನು ನೆಟ್ಟರೆ ಕೆಲಸ ಅರ್ಧವೇ ಆದಂತೆ.

ಭಾಷೆಯ ವಿಚಾರ

ನಮ್ಮ ವಾಚಕರಿಗೆ ವಿಶೇಷವಾಗಿ ತಿಳಿಸಬೇಕಾದ ಬದಲಾವಣೆ ಇನ್ನೊಂದಿದೆ. 2014ರಲ್ಲಿ ಡ್ವಾರ್ಫನಿಗೆ ಡ್ವಾರ್ಫರ ಭಾಷೆ, ಎಲ್ಫನಿಗೆ ಎಲ್ಫರ ಭಾಷೆ ಕುಲದೊಡನೆಯೇ ಬರುತ್ತಿತ್ತು. ಪೂಜಾರಿ, ಪಂಡಿತ ಮೊದಲಾದ ಕೆಲವು ಹಿನ್ನೆಲೆಗಳಿಂದಲೂ ಭಾಷೆಗಳು ಸಿಗುತ್ತಿದ್ದುವು. 2024ರಲ್ಲಿ ಎಲ್ಲರಿಗೂ ಸಾಮಾನ್ಯ ಭಾಷೆಯೊಂದು. ಅದರೊಡನೆ ಪಟ್ಟಿಯಿಂದ ಇನ್ನೆರಡನ್ನು ಆರಿಸಿಕೊಳ್ಳಬೇಕು, ಇಲ್ಲವೇ ದಾಳ ಎಸೆದು ಬಂದುದನ್ನು ಬರೆದುಕೊಳ್ಳಬೇಕು. ಕೈಸನ್ನೆಯ ಭಾಷೆಯನ್ನು ಆ ಪಟ್ಟಿಗೆ ಸೇರಿಸಿದ್ದು ಒಳ್ಳೆಯ ಕೆಲಸ.

ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಕ್ಕಳ ಮನೆಮಾತು ತುಳುವಾಗಿರಬಹುದು, ಕೊಂಕಣಿಯಾಗಿರಬಹುದು, ಮರಾಠಿಯೋ ಮಲಯಾಳವೋ ಆಗಿರಬಹುದು. ಅವರಿಗೆ ಕನ್ನಡವು ರಕ್ತದಿಂದ ಬಂದುದಲ್ಲ. ಆದುದರಿಂದ ಹಳೆಯ ನಿಯಮ ನಮಗೆ ಒಪ್ಪದು. ಆದರೆ ದಾಳದಿಂದ ಉದುರಿದ್ದೂ ಅಲ್ಲ. ಯಾರೋ ಕೂರಿಸಿಕೊಂಡು ಕಲಿಸಿದ್ದು. ಹೊಸ ನಿಯಮವು ಭಾಷೆಯನ್ನು ಹುಟ್ಟಿನಿಂದ ಬಿಡಿಸಿದ್ದು ಸರಿ. ಬೆಳೆದ ಮನೆಯಿಂದಲೂ ಕಲಿತ ಶಾಲೆಯಿಂದಲೂ ಬಿಡಿಸಿದ್ದು ಸರಿಯಲ್ಲ. ಕಲಿಸುವವರಿಲ್ಲದೆ ಹೋದರೆ ಒಂದು ಭಾಷೆಯ ಗತಿಯೇನೆಂಬುದು ಗಡಿಯ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಯಾವುದನ್ನು ಕೊಳ್ಳಬೇಕು?

ಮನೆಯಲ್ಲಿ 2014ರ ಪುಸ್ತಕವಿದ್ದವರು ಅದನ್ನು ಮೂಲೆಗೆ ಹಾಕಬೇಕಾಗಿಲ್ಲ. ಅದಕ್ಕಾಗಿ ಬರೆದ ಕಥಾಪ್ರಸಂಗಗಳನ್ನು ಹೊಸ ನಿಯಮಗಳಲ್ಲಿಯೂ ಆಡಬಹುದು. ಹೊಸದಾಗಿ ಕಲಿಯುವವರಿಗೆ 2024ರದು ಹೆಚ್ಚು ಸ್ಪಷ್ಟವಾಗಿದೆ. ಮೂಲ ನಿಯಮಗಳ ಬಹುಭಾಗವನ್ನು 2025ರಲ್ಲಿ ಯಾರಾದರೂ ಉಚಿತವಾಗಿ ಬಳಸಬಹುದಾದ ರೀತಿಯಲ್ಲಿ ಪ್ರಕಾಶಕರು ಬಿಡುಗಡೆ ಮಾಡಿದ್ದಾರೆ. ಕೊಳ್ಳುವ ಮೊದಲು ಅದನ್ನು ನೋಡುವುದು ಮೇಲು. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಆಟ ಬಾಯಿಮಾತಿನದು. ನಮ್ಮ ಜಗಲಿಯಲ್ಲಿ ಅದು ಕನ್ನಡದಲ್ಲಿಯೇ ನಡೆಯಿತು.

ಮತ್ತೊಂದು ಸಂಗತಿಯನ್ನು ನಾವು ಕೊನೆಗೆ ಕಂಡುಕೊಂಡೆವು. 2024ರ ನವೆಂಬರಿನಲ್ಲಿ ಬಂದ ಡಂಜನ್ ಮಾಸ್ಟರನ ಕೈಪಿಡಿಯಲ್ಲಿ, ಪಟ್ಟಿಯಲ್ಲಿಲ್ಲದ ಹಿನ್ನೆಲೆಯನ್ನು ನಾವೇ ರಚಿಸಿಕೊಳ್ಳುವ ಕ್ರಮವನ್ನು ಕೊಟ್ಟಿದ್ದಾರೆ. ಹುಡುಗಿಯನ್ನು ಕರೆದು, ಕಂಗಿನ ತೋಟದವರಿಗೆ ಯಾವ ಮೂರು ಗುಣಗಳು ಬೇಕೆಂದು ನೀನೇ ಹೇಳು ಎಂದೆವು. ಅವಳು ತಡವರಿಸಲಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ತನ್ನ ಅಪ್ಪ ಅದನ್ನು ಪೀಪಾಯಿಯ ಅಳತೆಗೆ ಬಾಯಿಲೆಕ್ಕದಲ್ಲಿಯೇ ಇಳಿಸುತ್ತಾರೆ, ಆದುದರಿಂದ ಬುದ್ಧಿ ಬೇಕು ಎಂದಳು. ಮರ ಏರುವುದಕ್ಕೆ ಚುರುಕು, ಮಳೆ ನಿಲ್ಲುವ ಹೊತ್ತನ್ನು ತಿಳಿಯುವುದಕ್ಕೆ ವಿವೇಕ. ಹಾಗೆಯೇ ಬರೆದುಕೊಂಡೆವು.

ಭಾಷೆಗೂ ನಮ್ಮದೇ ಒಂದು ನಿಯಮ ಮಾಡಿದೆವು: ಯಾವ ಭಾಷೆಯನ್ನು ಬರೆದುಕೊಂಡರೂ, ಅದನ್ನು ಯಾರಿಂದ ಕಲಿತದ್ದೆಂದು ಎದುರಿಗೆ ಬರೆಯಬೇಕು. ಅವಳ ಹಾಳೆಯಲ್ಲಿ ಎಲ್ಫರ ಭಾಷೆಯ ಎದುರು ‘ಕಾಡಿನಂಚಿನ ಅಜ್ಜಿಯಿಂದ’ ಎಂದಿತ್ತು. ಡ್ವಾರ್ಫರ ಭಾಷೆಯ ಎದುರು ‘ಶಾಲೆಯಲ್ಲಿ’ ಎಂದಿತ್ತು. ದಾಳವನ್ನು ಅವಳು ಎಸೆದಿರಲೇ ಇಲ್ಲ.